ಉಪ್ಪಿಗೆ ಕಿವಿಗೊಟ್ಟ ಸೆವೆರಿನಾ

ಬೆಳಗಿನ ಐದು ಗಂಟೆ. ಮೂಡಣ ದಿಕ್ಕು ಹಾಲು ಬೆರೆತ ನೀರಿನಂತೆ ಬೆಳ್ಳಗಾಗುತ್ತಿದೆ. ಎರಡು ಬೆರಳಷ್ಟು ಮಳೆನೀರು ನಿಂತ ಉಪ್ಪಿನ ಬಯಲಿನಲ್ಲಿ ಆಕಾಶ ಮೇಲೆಷ್ಟಿದೆಯೋ ಕೆಳಗೂ ಅಷ್ಟೇ ಇದೆ. ಆ ಎರಡು ಆಕಾಶಗಳ ನಡುವೆ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡ ಹೆಂಗಸೊಬ್ಬರು ಆರು ಕೆಜಿ ತೂಕದ ಕಬ್ಬಿಣದ ಹಾರೆಯನ್ನು ಎದೆಮಟ್ಟ ಎತ್ತಿ, ಕೈ ಸಡಿಲಿಸಿ ಬಿಡುತ್ತಾರೆ. ಟಣ್. ತಲೆಯನ್ನು ಒಂದಿಷ್ಟು ವಾಲಿಸಿ ಕೇಳಿಸಿಕೊಳ್ಳುತ್ತಾರೆ. ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಎತ್ತಿ ಬಿಡುತ್ತಾರೆ. ಟಣ್. ಮಡಕೆ ಕೊಳ್ಳುವವಳು ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಹಾಗೆ, ಸೆವೆರಿನಾ ಲುಪಾ ಮಳೆಗಾಲದ ಪ್ರತಿ ಬೆಳಿಗ್ಗೆ ಬೊಲಿವಿಯಾದ ಊಯುನಿ ಉಪ್ಪಿನ ಬಯಲನ್ನು ತಟ್ಟಿ ನೋಡುತ್ತಾರೆ.

ಅವರಿಗೆ ಐವತ್ತೆಂಟು ವರ್ಷ. ದುಂಡು ಟೋಪಿಯ ಕೆಳಗೆ ಎರಡು ಜಡೆ, ಮುಖಕ್ಕೆ ಕಣ್ಣಷ್ಟೇ ಕಾಣುವ ಉಣ್ಣೆಯ ಮುಸುಕು, ನೆರಿಗೆ ಲಂಗವನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾರೆ. ಬೆನ್ನಿಗೆ ಕಟ್ಟಿದ ಬಣ್ಣದ ಪಟ್ಟೆಯ ಬಟ್ಟೆಯಲ್ಲಿ ಕೂಸಿಲ್ಲ; ದಂಡೆಯಿಂದ ಹೊತ್ತು ತಂದ ಎಂಟು ಕರಿ ಕಲ್ಲುಗಳಿವೆ. ಎಲ್ಲಿ ಗುರುತಿನ ಗುಡ್ಡೆ ಕುಸಿದಿದೆಯೋ ಅಲ್ಲಿ ಒಂದೊಂದು ಕಲ್ಲಿಟ್ಟು ಮೇಲೆಬ್ಬಿಸುತ್ತಾರೆ. ಈ ಬಿಳಿಯ ಲೋಕದಲ್ಲಿ ಕರಿ ಕಲ್ಲೊಂದೇ ದಾರಿ ಹೇಳುವುದು.

"ಗಟ್ಟಿ ಉಪ್ಪು ಚರ್ಚಿನ ಗಂಟೆ ಥರ ಮಾತಾಡುತ್ತೆ. ಹಸಿ ಉಪ್ಪು ಕೆಮ್ಮುತ್ತೆ. ಟೊಳ್ಳು ಉಪ್ಪು ಇದೆಯಲ್ಲ, ಅದು ಏನೂ ಹೇಳಲ್ಲ. ಏನೂ ಹೇಳದೇ ಇರೋದಕ್ಕೇ ಹೆದರ್ಬೇಕು," ಎನ್ನುತ್ತಾರೆ ಸೆವೆರಿನಾ.

ಹೆದರಬೇಕಾದ್ದು ಉಪ್ಪಿನ ಕಣ್ಣುಗಳಿಗೆ. ಗಟ್ಟಿ ಪದರದ ಅಡಿಯಿಂದ ನೀರು ಗುಳುಗುಳು ಎದ್ದು, ಉಪ್ಪನ್ನು ಒಳಗಿನಿಂದಲೇ ತಿಂದು, ಮೇಲೆ ಹಪ್ಪಳದಂಥ ಸಿಪ್ಪೆಯನ್ನಷ್ಟೇ ಉಳಿಸುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಅವು ಕಾಣುತ್ತವೆ, ಮಕ್ಕಳೂ ಸುತ್ತಿ ಹೋಗುತ್ತಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನೀರು ನಿಂತಾಗ ಎಲ್ಲವೂ ಒಂದೇ ಕನ್ನಡಿ. ಪ್ರವಾಸಿಗರು ಮುಗಿಬಿದ್ದು ಬರುವುದೂ ಆ ಕನ್ನಡಿ ನೋಡುವುದಕ್ಕೇ. ಜೀಪು ಆಕಾಶದ ಮೇಲೆ ಓಡುವುದನ್ನು ಕಾಣಬೇಕು, ಬಯಲ ನಡುವಿನ ದ್ವೀಪದಲ್ಲಿ ಮನೆಯೆತ್ತರ ಬೆಳೆದ ಕಳ್ಳಿಗಳ ನಡುವೆ ಹತ್ತಿ ಇಳಿಯಬೇಕು, ಬೆಟ್ಟದ ಗುಹೆಯಲ್ಲಿ ಮೊಣಕಾಲು ಮಡಚಿ ಕೂತೇ ಇರುವ ಸಾವಿರ ವರ್ಷದ ಹಿರಿಯರ ಒಣಗಿದ ದೇಹಗಳನ್ನು ನೋಡಬೇಕು. ತುನುಪಾ ಬೆಟ್ಟದ ಬುಡದ ಕೊಲ್ಯಾಪಾತಾ ಊರಿನಿಂದ ದ್ವೀಪಕ್ಕೆ ಮೂವತ್ತೆಂಟು ಕಿಲೋಮೀಟರ್. ಅದರಲ್ಲಿ ದಂಡೆಗೆ ಅಂಟಿದ ಮೊದಲ ಒಂಬತ್ತು ಕಿಲೋಮೀಟರೇ ಗಂಡಾಂತರದ್ದು. ಆ ಒಂಬತ್ತು ಸೆವೆರಿನಾ ಅವರವು.

ಒಂಬತ್ತು ಕಿಲೋಮೀಟರ್, ನೂರಮೂವತ್ತು ಕಲ್ಲಿನ ಗುಡ್ಡೆ, ಹತ್ತು ಹೆಜ್ಜೆಗೊಮ್ಮೆಯಂತೆ ಹಾರೆ ಎತ್ತಿ ಬಿಡುವುದು ಹೆಚ್ಚುಕಮ್ಮಿ ಸಾವಿರದ ಮುನ್ನೂರು ಸಲ. ಅದೂ ಸುಮ್ಮನೆ ನಿಂತವರಿಗೇ ಏದುಸಿರು ಬರುವ ಬೆಟ್ಟನಾಡಿನ ಎತ್ತರದಲ್ಲಿ. ಎಂಟು ಗಂಟೆಗೆ ಕೊನೆಯ ಗುಡ್ಡೆ ಮುಟ್ಟಿ, ಕೊರಳಿಗೆ ತೂಗುಹಾಕಿಕೊಂಡ ರೇಡಿಯೋದಲ್ಲಿ ಒಂದೇ ಮಾತು ಹೇಳುತ್ತಾರೆ: "ಬರ್ಲಿ." ದಂಡೆಯ ಮೇಲೆ ಕಾಯುತ್ತಿರುವ ಜೀಪುಗಳು ಆಮೇಲೆಯೇ ಉಪ್ಪಿಗಿಳಿಯುವುದು. ಸೆವೆರಿನಾ ಅಲ್ಲೇ ನಿಂತು ಹುರಿದ ಕಿನ್ವಾ ಕಾಳಿನ ಹಿಟ್ಟಿಗೆ ಬಿಸಿನೀರು ಕಲಸಿ ತಿಂದು, ದಣಿವು ಮರೆಸುವ ಕೋಕಾ ಎಲೆಯನ್ನು ಒಂದು ಚಿಟಿಕೆ ದವಡೆಗಿಟ್ಟುಕೊಂಡು ಒಂಬತ್ತು ಕಿಲೋಮೀಟರ್ ಹಿಂದಕ್ಕೆ ನಡೆಯುತ್ತಾರೆ. ಮನೆಗೆ ಬಂದರೆ ಪಾದಗಳಿಗೆ, ಒಂಟೆ ಜಾತಿಯ ಸಾಕುಪ್ರಾಣಿ ಲಾಮಾದ ಕೊಬ್ಬು ತಿಕ್ಕುವ ಕೆಲಸ. ಉಪ್ಪುನೀರು ಬೂಟಿನೊಳಗೆ ಹೊಕ್ಕರೆ ಹಿಮ್ಮಡಿ ಒಣಭೂಮಿಯಂತೆ ಬಿರಿಯುತ್ತದೆ.

ಈ ಕೆಲಸಕ್ಕೆ ನೇಮಕಾತಿ ಪತ್ರವಿಲ್ಲ, ಸಮವಸ್ತ್ರವಿಲ್ಲ, ಪ್ರವಾಸಿಗರ ಪುಸ್ತಕಗಳಲ್ಲಿ ಒಂದು ಸಾಲೂ ಇಲ್ಲ. ಹೆಸರು ಮಾತ್ರ ಇದೆ. ಚಾಲಕರು ಅವರನ್ನು ಕರೆಯುವುದು ನರ್ಸಮ್ಮ ಎಂದು. "ಏನ್ ನರ್ಸಮ್ಮ, ಬಯಲಿಗೆ ಇವತ್ತಿನ ಇಂಜೆಕ್ಷನ್ ಆಯ್ತಾ?" ಎಂದು ಯಾರಾದರೂ ಕಿಟಕಿಯಿಂದ ಕೂಗಿದರೆ ಸೆವೆರಿನಾ ತಿರುಗಿಯೂ ನೋಡದೆ, "ಆಯ್ತು. ನಿಂಗೂ ಒಂದು ಉಳ್ದಿದೆ, ಇಳ್ದು ಬಾ," ಎನ್ನುತ್ತಾರೆ.

ತಟ್ಟಿ ಕೇಳುವ ವಿದ್ಯೆ ಅಪ್ಪನದು. ಕಸಿಯಾನೊ ಲುಪಾ ಲಾಮಾಗಳ ಬೆನ್ನಿಗೆ ಉಪ್ಪಿನ ಇಟ್ಟಿಗೆ ಹೇರಿ, ಬಯಲು ದಾಟಿ, ವಾರಗಟ್ಟಲೆ ನಡೆದು ಕೆಳಗಿನ ಕಣಿವೆಗಳಲ್ಲಿ ಮೆಕ್ಕೆಜೋಳಕ್ಕೆ ಬದಲಾಯಿಸಿಕೊಂಡು ಬರುತ್ತಿದ್ದವರು. ಗಂಡುಮಕ್ಕಳಲ್ಲಿ ದೊಡ್ಡವನು ಗಣಿಗೆ ಹೋಗಿದ್ದ, ಚಿಕ್ಕವನು ಸಿಪ್ರಿಯಾನೊ ಇನ್ನೂ ಮೂಗು ಸುರಿಸುತ್ತಿದ್ದ. ಹಾಗಾಗಿ ಹತ್ತನೇ ವಯಸ್ಸಿಗೆ ಸೆವೆರಿನಾ ಲಾಮಾಗಳ ಹಿಂದೆ ಹೊರಟರು. "ಅಪ್ಪ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಹಾರೆ ಕೈಗೆ ಕೊಡ್ತಿದ್ದ. 'ಕಣ್ಣು ಸುಳ್ಳು ಹೇಳುತ್ತೆ ಮಗಳೇ, ಎಲ್ಲಾ ಬಿಳೀನೇ ಅನ್ನುತ್ತೆ. ಕಿವೀನ ಕೇಳು' ಅಂತಿದ್ದ. ತಪ್ಪು ಹೇಳಿದ್ರೆ ಆ ದಿನ ನಾನೇ ಒಲೆ ಹಚ್ಬೇಕಾಗಿತ್ತು. ಒಂದು ತಿಂಗಳು ದಿನಾ ನಾನೇ ಹಚ್ಚಿದೀನಿ." ನಾಲ್ಕು ವರ್ಷಕ್ಕೆ ಲಾರಿಗಳು ಬಂದವು, ಲಾಮಾಗಳ ಸಾಲು ನಿಂತಿತು. ಅಪ್ಪನ ಹಾರೆ ಮನೆಯ ಮೂಲೆ ಸೇರಿತು.

ಅದು ಮೂಲೆಯಿಂದ ಹೊರಗೆ ಬಂದಿದ್ದು ಹದಿನೆಂಟು ವರ್ಷಗಳ ಹಿಂದಿನ ಒಂದು ಫೆಬ್ರವರಿಯಲ್ಲಿ. ಮೂಗು ಸುರಿಸುತ್ತಿದ್ದ ತಮ್ಮ ಸಿಪ್ರಿಯಾನೊ ಆಗ ಊರಿನ ಹೆಸರುವಾಸಿ ಚಾಲಕ. ಮನೆಗೆ ಬೇಕಾದ ಉಪ್ಪು ಕೆರೆದು ತರಲು ದಂಡೆಗೆ ಹೋಗಿದ್ದ ಸೆವೆರಿನಾ, ಜೀಪು ಹೊರಡಿಸುತ್ತಿದ್ದ ತಮ್ಮನನ್ನು ತಡೆದು, ಉಪ್ಪು ಕೆಮ್ಮುತ್ತಿದೆ, ಇವತ್ತು ಬೇಡ ಎಂದರು.

"ಕೆಮ್ಮುತ್ತಾ? ಹಾಗಾದ್ರೆ ಅದಕ್ಕೆ ಕಷಾಯ ಕುಡ್ಸಕ್ಕಾ," ಎಂದು ನಕ್ಕು ಸಿಪ್ರಿಯಾನೊ ಐದು ಜನ ಪ್ರವಾಸಿಗರನ್ನು ಕೂರಿಸಿಕೊಂಡು ಹೊರಟರು.

ಮಧ್ಯಾಹ್ನ ಜೀಪಿನ ಮೂತಿ ಒಂದು ಕಣ್ಣಿನೊಳಗೆ ಇಳಿಯಿತು. ಸಿಪ್ರಿಯಾನೊ ಹಿಂಬಾಗಿಲು ಒದ್ದು ತೆಗೆದು ಐದೂ ಜನರನ್ನು ಹೊರಗೆಳೆದರು. ಅವರಲ್ಲಿ ಒಬ್ಬ ಮುದುಕಿಯ ಚಪ್ಪಲಿ ನೀರುಪಾಲಾಗಿತ್ತು. ತಮ್ಮ ಬೂಟನ್ನು ಆಕೆಗೆ ತೊಡಿಸಿ, ಬರಿಗಾಲಲ್ಲಿ, ಮಂಜುಗಡ್ಡೆಯಷ್ಟು ತಣ್ಣಗಿನ ಉಪ್ಪುನೀರಿನಲ್ಲಿ ಏಳು ಗಂಟೆ ನಡೆಸಿಕೊಂಡು ಬಂದರು. ಐದೂ ಜನ ಉಳಿದರು. ಸಿಪ್ರಿಯಾನೊ ಅವರ ಬಲಗಾಲಿನ ಐದು ಬೆರಳು, ಎಡಗಾಲಿನ ಎರಡು ಬೆರಳು ಉಳಿಯಲಿಲ್ಲ.

ಆ ವಾರದ ಊರ ಸಭೆಯಲ್ಲಿ ಹೊಸದೊಂದು ಸರದಿ ಕೆಲಸ ಹುಟ್ಟಿತು: ದಾರಿ ಕಾಯುವುದು. ಚರ್ಚು ಗುಡಿಸುವುದು, ಕಾಲುವೆ ನೋಡಿಕೊಳ್ಳುವುದು ಹೇಗೆ ವರ್ಷಕ್ಕೊಬ್ಬರ ಪಾಲಿಗೆ ಬರುತ್ತದೋ ಹಾಗೆ. ಸೆವೆರಿನಾ ಕೈ ಎತ್ತಿದಾಗ ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. "ಒಂದು ವರ್ಷ ಅಂತ ಹೇಳಿದ್ರು. ಮುಂದಿನ ವರ್ಷದ ಸಭೇಲಿ 'ಈಗ ಯಾರು?' ಅಂದ್ರು. ಎಲ್ರೂ ಮೇಲ್ಛಾವಣಿ ನೋಡ್ತಾ ಕೂತ್ರು. ಅಷ್ಟು ಚೆಂದ ಏನಿತ್ತೋ ಆ ಛಾವಣೀಲಿ! ಇವತ್ತಿಗೂ ನೋಡ್ತಾನೇ ಇದಾರೆ," ಎಂದು ಸೆವೆರಿನಾ ನಗುತ್ತಾರೆ. ತಮ್ಮ ಈಗ ಅಕ್ಕನ ರೇಡಿಯೋದ ಇನ್ನೊಂದು ತುದಿ. ದಂಡೆಯ ಮೇಲಿನ ತಗಡಿನ ಕೋಣೆಯಲ್ಲಿ ಕೂತು ಅಕ್ಕನ ಮಾತನ್ನು ಚಾಲಕರಿಗೆ ದಾಟಿಸುತ್ತಾರೆ. ಬೆರಳಿಲ್ಲದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, "ಅಕ್ಕ ಹೇಳಿದ್ಮೇಲೆ ಎರಡನೇ ಸಲ ಕೇಳಲ್ಲ ನಾನು. ಮೊದಲ್ನೇ ಸಲ ಕೇಳ್ದೇ ಇದ್ದಿದ್ದಕ್ಕೆ ಏಳು ಬೆರಳು ಕೊಟ್ಟಿದೀನಿ," ಎನ್ನುತ್ತಾರೆ.

ಸೆವೆರಿನಾ ಅವರ ಹದಿನೆಂಟು ಮಳೆಗಾಲಗಳಲ್ಲಿ ಎಲ್ಲಕ್ಕಿಂತ ಉದ್ದವಾದದ್ದು ಕಳೆದ ವರ್ಷದ ಕಾರ್ನಿವಲ್ ವಾರ. ಊರಿಗೆ ಊರೇ ಕಾಯುವ ವಾರ ಅದು. ಅತಿಥಿಗೃಹಗಳು ತುಂಬಿದ್ದವು. ಬ್ಯಾಂಡಿನವರು ಹಿತ್ತಾಳೆ ಕಹಳೆಗಳನ್ನು ಉಜ್ಜಿಟ್ಟಿದ್ದರು. ಶನಿವಾರ ಹನ್ನೊಂದು ಜೀಪು, ಅರವತ್ತು ಪ್ರವಾಸಿಗರು ದ್ವೀಪಕ್ಕೆ ಹೊರಡುವುದಿತ್ತು. ಅದಕ್ಕೂ ಮೊದಲು ಹದಿನೈದು ದಿನ ಬಿಡದೆ ಮಳೆ ಸುರಿದಿತ್ತು.

ಎಪ್ಪತ್ತೊಂದನೇ ಗುಡ್ಡೆಯ ಹತ್ತಿರ ಹಾರೆ ಬಿಟ್ಟಾಗ ಸದ್ದೇ ಬರಲಿಲ್ಲ. ಗಂಟೆಯೂ ಇಲ್ಲ, ಕೆಮ್ಮೂ ಇಲ್ಲ. ಸೆವೆರಿನಾ ನಾಲ್ಕು ಹೆಜ್ಜೆ ಹಿಂದೆ ಸರಿದು, ಬಲಕ್ಕೆ ಹೋಗಿ ಬಿಟ್ಟರು, ಎಡಕ್ಕೆ ಹೋಗಿ ಬಿಟ್ಟರು. ಅಲ್ಲೂ ಅದೇ ಮೌನ. ಹನ್ನೆರಡು ವರ್ಷ ಜೀಪುಗಳು ಓಡಾಡಿದ ದಾರಿ ಅದು. ಮೇಲಿನಿಂದ ನೋಡಿದರೆ ಒಂದು ಗೆರೆಯೂ ಬೇರೆಯಾಗಿರಲಿಲ್ಲ. ಎರಡು ಬೆರಳು ನೀರಿನಲ್ಲಿ ಮೋಡಗಳು ತೇಲುತ್ತಿದ್ದವು.

"ಸಿಪ್ರಿ, ಎಪ್ಪತ್ತೊಂದರಿಂದ ದಾರಿ ಬಂದ್," ಎಂದರು ರೇಡಿಯೋದಲ್ಲಿ.

"ಬಂದ್," ಎಂದರು ತಮ್ಮ. ಬೇರೇನೂ ಕೇಳಲಿಲ್ಲ.

ಚಾಲಕರು ಕೇಳಿದರು. ಕೇಳಿದರು ಅನ್ನುವುದಕ್ಕಿಂತ, ಹನ್ನೊಂದೂ ಜೀಪು ಕೇಳಲು ಹೊರಟೇಬಿಟ್ಟವು. ಎಪ್ಪತ್ತನೇ ಗುಡ್ಡೆಯವರೆಗೆ ಗಟ್ಟಿ ನೆಲವೆಂದು ಅವರಿಗೂ ಗೊತ್ತು. ಅಲ್ಲಿ ಸಾಲಾಗಿ ನಿಂತವು. ಮುಂದಿನ ಜೀಪಿನಿಂದ ಇಳಿದವರು ಚಾಲಕರ ಸಂಘದ ಮುಖಂಡ ರೆಂಬೆರ್ತೊ ಚೋಕೆ. ಹೊರಗಿನವರಲ್ಲ. ಅವರ ಮಗಳಿಗೆ ದೀಕ್ಷಾಸ್ನಾನ ಮಾಡಿಸುವಾಗ ಮಗುವನ್ನು ತೋಳಲ್ಲಿ ಎತ್ತಿ ಹಿಡಿದವರು ಸೆವೆರಿನಾ. ಅಂದಿನಿಂದ ಅವರು ಇವರಿಗೆ ಕೊಂಪಾದ್ರೆ, ಇವರು ಅವರಿಗೆ ಕೊಮಾದ್ರೆ. ರಕ್ತದಷ್ಟೇ ಗಟ್ಟಿಯಾದ ನಂಟು ಅದು.

"ಏನಿದು ಕೊಮಾದ್ರೆ? ಕಾರ್ನಿವಲ್ ದಿನ ನಮ್ಮ ಬಾಯಿಗೆ ಮಣ್ಣು ಹಾಕ್ತೀರಾ?"

"ಮಣ್ಣಲ್ಲ ಕೊಂಪಾದ್ರೆ, ಉಪ್ಪುನೀರು ಹೋಗುತ್ತೆ ಬಾಯಿಗೆ. ಅದನ್ನ ತಪ್ಪಿಸ್ತಿದೀನಿ."

"ಹನ್ನೆರಡು ವರ್ಷದಿಂದ ಇದೇ ದಾರೀಲಿ ಗಾಡಿ ಓಡಿಸ್ತಿದೀನಿ. ಕಣ್ಣು ಮುಚ್ಕೊಂಡೂ ಓಡಿಸ್ತೀನಿ."

"ನೀವು ಮುಚ್ಕೊಳ್ಳಿ. ಕೆಳಗಿರೋ ಕಣ್ಣು ತೆರ್ಕೊಂಡಿದೆ."

ಹಿಂದಿನಿಂದ ಯಾರೋ ಹಾರ್ನ್ ಬಾರಿಸಿದರು. "ನರ್ಸಮ್ಮಂಗೆ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟೋರ್ಯಾರು?" ಎಂದು ಇನ್ನೊಬ್ಬರು ಕೂಗಿದರು. ನಗು ಸಾಲಿನ ಉದ್ದಕ್ಕೂ ಹರಿಯಿತು. ಸೆವೆರಿನಾ ಬೆನ್ನಿನ ಬಟ್ಟೆ ಬಿಚ್ಚಿ, ಎಂಟು ಕಲ್ಲುಗಳನ್ನು ದಾರಿಗೆ ಅಡ್ಡಲಾಗಿ ಸಾಲಾಗಿಟ್ಟರು. ಆ ಸಾಲಿನ ಹಿಂದೆ, ಕೊರೆಯುವ ನೀರಿನಲ್ಲೇ, ಲಂಗ ಹರಡಿಕೊಂಡು ಕೂತರು.

"ಆಗ ಭಯ ಆಗ್ಲಿಲ್ವಾ ಅಂತ ಎಲ್ರೂ ಕೇಳ್ತಾರೆ. ಭಯ ಯಾಕಾಗುತ್ತೆ? ಅವ್ರೆಲ್ಲ ನಾನು ನೋಡ್ತಾ ನೋಡ್ತಾ ಬೆಳೆದ ಹುಡುಗ್ರು. ನಾಚಿಕೆ ಆಯ್ತು, ಅಷ್ಟೆ. ಒದ್ದೆ ಲಂಗದಲ್ಲಿ ಅರವತ್ತು ಜನದ ಮುಂದೆ ಕೂರೋದು ಅಂದ್ರೆ ಸುಮ್ನೆನಾ?"

ಕಾಲು ಗಂಟೆ ಹಾಗೇ ಕಳೆಯಿತು. ಕೊನೆಗೆ ಸೆವೆರಿನಾ ಅಪ್ಪನ ಹಾರೆಯನ್ನು ರೆಂಬೆರ್ತೊ ಅವರ ಕಡೆ ಚಾಚಿ, "ನನ್ನ ಕಿವಿ ಬೇಡ. ನಿಮ್ಮ ಕೈಯಲ್ಲೇ ಕೇಳ್ನೋಡಿ," ಎಂದರು. ಸೊಂಟದ ಉಣ್ಣೆ ಹಗ್ಗ ಬಿಚ್ಚಿ ಒಂದು ತುದಿಯನ್ನು ರೆಂಬೆರ್ತೊ ಅವರ ನಡುವಿಗೆ, ಇನ್ನೊಂದನ್ನು ತಮ್ಮ ನಡುವಿಗೆ ಬಿಗಿದರು. ಹಗ್ಗ ಕಂಡು ಚಾಲಕರು ಮತ್ತೊಮ್ಮೆ ನಕ್ಕರು. ರೆಂಬೆರ್ತೊ ಕೂಡ ನಗುತ್ತಲೇ ಹೊರಟರು.

ಮೊದಲ ಪೆಟ್ಟಿಗೆ ಟಣ್ ಎಂದಿತು. ಅವರು ತಿರುಗಿ ನೋಡಿ ಹುಬ್ಬು ಹಾರಿಸಿದರು. ಎರಡನೆಯದು ಮಂದವಾಗಿ ಕೆಮ್ಮಿತು. ಮೂರನೇ ಸಲ ಹಾರೆ ಅವರ ಕೈಯಿಂದ ಜಾರಿ, ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ ಇಳಿದುಹೋಯಿತು. ನೀರು ಚಿಮ್ಮಲಿಲ್ಲ. ಬುಳಕ್ ಎಂಬ ಒಂದೇ ಸದ್ದು. ಅದರ ಹಿಂದೆಯೇ ಸಿಪ್ಪೆ ಮುರಿದು ರೆಂಬೆರ್ತೊ ತೊಡೆವರೆಗೆ ಹೂತರು. ಸೆವೆರಿನಾ ಹಿಂದಕ್ಕೆ ಬಿದ್ದು, ಹಿಮ್ಮಡಿಯನ್ನು ಉಪ್ಪಿಗೆ ಊರಿ ಹಗ್ಗ ಹಿಡಿದರು. ನಾಲ್ಕು ಜನ ಚಾಲಕರು ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು ಮುಖಂಡರನ್ನು ಎಳೆದುಹಾಕಿದರು.

ಅವರು ಒಂದು ಬೂಟಿಲ್ಲದೆ ಎದ್ದು ನಿಂತು, ಕಪ್ಪಗೆ ಬಾಯಿ ತೆರೆದ ನೀರನ್ನು ನೋಡಿದರು. ಆಮೇಲೆ ಸಾಲಿನ ಕಡೆ ತಿರುಗಿ, "ಗಾಡಿ ತಿರುಗ್ಸಿ," ಎಂದರು. ದನಿ ಏರಿಸಲಿಲ್ಲ.

ಹನ್ನೊಂದು ಜೀಪುಗಳೂ ತಿರುಗಿದವು. ಅಷ್ಟಕ್ಕೇ ಮುಗಿದಿದ್ದರೆ ಇದು ಸುಲಭದ ಕತೆ. ಆದರೆ ದಾರಿ ಮುಚ್ಚಿಸುವುದು ಒಂದು ಕೆಲಸ, ತೆರೆಯುವುದು ಇನ್ನೊಂದು. ಭಾನುವಾರದ ಹೊತ್ತಿಗೆ ಅರ್ಧದಷ್ಟು ಪ್ರವಾಸಿಗರು ಬೇರೆ ಊರಿನ ದಾರಿ ಹಿಡಿದಿದ್ದರು. ಗುಹೆಯ ಹಿರಿಯರನ್ನು ನೋಡಲು ಯಾರೂ ಬರಲಿಲ್ಲ. ಬ್ಯಾಂಡಿನವರು ಖಾಲಿ ಅಂಗಳದಲ್ಲಿ ಊದಿದರು. ಅತಿಥಿಗೃಹ ನಡೆಸುವ ಪಕ್ಕದ ಮನೆಯ ಎಕ್ಸಾಲ್ತಾ, ಅರವತ್ತು ಜನಕ್ಕೆ ಬೇಯಿಸಿಟ್ಟ ಲಾಮಾ ಮಾಂಸದ ಸಾರನ್ನು ನಾಯಿಗಳಿಗೆ ಸುರಿಯುತ್ತಾ ಗೋಡೆಯಾಚೆಗೆ ಕೇಳುವಂತೆ, "ಒಬ್ಬಳ ಕಿವಿ ನಂಬ್ಕೊಂಡು ಊರೆಲ್ಲ ಉಪವಾಸ ಬೀಳ್ಬೇಕಾ?" ಎಂದರು. ಬೆಳಿಗ್ಗೆ ನಲ್ಲಿಯ ಹತ್ತಿರ ಸೆವೆರಿನಾ ಬಂದರೆ ಮಾತು ನಿಲ್ಲುತ್ತಿತ್ತು.

ಊರ ಸಭೆಯಲ್ಲಿ ಅವರು ಕೇಳಿದ್ದು ನಾಲ್ಕು ದಿನ. "ನಾಲ್ಕು ದಿನದಲ್ಲಿ ಹೊಸ ದಾರಿ ಕೊಡ್ತೀನಿ. ಕೊಡ್ಲಿಲ್ಲ ಅಂದ್ರೆ ಬೇರೆಯವ್ರನ್ನ ಇಡಿ." ಈ ಸಲ ಯಾರೂ ಛಾವಣಿ ನೋಡಲಿಲ್ಲ. ಎಲ್ಲರೂ ನೆಲ ನೋಡಿದರು.

ಮೊದಲ ದಿನ ಪಡುವಣಕ್ಕೆ ಹೋದರು. ಕೈಯಲ್ಲಿ ಇದ್ದದ್ದು ತಮ್ಮನ ಮನೆಯಿಂದ ತಂದ ಕಬ್ಬಿಣದ ಗೂಟ. ಸಂಜೆಗೆ ಬರಿಗೈಲಿ ಬಂದರು. ಕಷ್ಟ ಉಪ್ಪಿನದಲ್ಲ, ಕಬ್ಬಿಣದ್ದು. ಹತ್ತನೇ ವಯಸ್ಸಿನಿಂದ ಕಿವಿ ಪಳಗಿದ್ದು ಒಂದೇ ಹಾರೆಯ ದನಿಗೆ. ಅದು ಈಗ ಉಪ್ಪಿನ ಹೊಟ್ಟೆಯಲ್ಲಿತ್ತು. "ಬೇರೆ ಕಬ್ಬಿಣ ಬೇರೆ ಭಾಷೆ ಆಡುತ್ತೆ. ಗಟ್ಟಿ ಇರೋ ಕಡೇನೂ ಕೆಮ್ಮಿದ ಹಾಗಾಗೋದು. ನಂಗೆ ಅಳು ಬಂದಿದ್ದು ಅವತ್ತೊಂದೇ ದಿನ. ಅಪ್ಪ ಇನ್ನೊಂದ್ಸಲ ಸತ್ತ ಅನ್ನಿಸ್ತು."

ಆ ಸಂಜೆ ಬಾಗಿಲಲ್ಲಿ ರೆಂಬೆರ್ತೊ ನಿಂತಿದ್ದರು. ತಮ್ಮ ಹಳೆಯ ಜೀಪಿನ ಹಿಂದಿನ ಆಕ್ಸಲ್ ಬಿಚ್ಚಿ, ಒಂದು ತುದಿಯನ್ನು ಕಾಯಿಸಿ ಬಡಿದು ಮೊನೆ ಮಾಡಿಕೊಂಡು ತಂದಿದ್ದರು. ಅದನ್ನು ಗೋಡೆಗೆ ಒರಗಿಸಿ, ಟೋಪಿ ಕೈಯಲ್ಲಿ ಹಿಡಿದು, "ಇದಕ್ಕೆ ಮಾತಾಡೋಕೆ ಬರುತ್ತೋ ಇಲ್ವೋ ಗೊತ್ತಿಲ್ಲ ಕೊಮಾದ್ರೆ. ನೀವೇ ಕಲಿಸ್ಕೊಬೇಕು," ಎಂದರು.

ಎರಡನೇ ದಿನವನ್ನು ಸೆವೆರಿನಾ ಹೊಸ ದಾರಿ ಹುಡುಕಲು ಖರ್ಚು ಮಾಡಲೇ ಇಲ್ಲ. ಊರಿಗೆ ಊರೇ ದಿನ ಎಣಿಸುತ್ತಿರುವಾಗ, ಅವರು ದಂಡೆಯಿಂದ ಎಪ್ಪತ್ತನೇ ಗುಡ್ಡೆಯವರೆಗೆ ತಮಗೆ ಚೆನ್ನಾಗಿ ಗೊತ್ತಿರುವ ನೆಲದ ಮೇಲೆಯೇ ಬೆಳಗಿನಿಂದ ಸಂಜೆವರೆಗೆ ಆ ಆಕ್ಸಲನ್ನು ಎತ್ತಿ ಬಿಟ್ಟರು. ಗಟ್ಟಿ ಎಂದು ಗೊತ್ತಿದ್ದಲ್ಲಿ ಬಿಟ್ಟು ಅದರ ಗಂಟೆ ಕಲಿತರು. ಹಸಿ ಎಂದು ಗೊತ್ತಿದ್ದಲ್ಲಿ ಅದರ ಕೆಮ್ಮು ಕಲಿತರು. ಬಯಲಿನಲ್ಲಿ ಅವರೇ ಹೆಸರಿಟ್ಟ ಹಳೆಯ ಕಣ್ಣುಗಳಿವೆ. ಗುಳುಗುಳು ಎನ್ನುವುದು ಗೊರಕೆ, ಮೇಲೆ ತಣ್ಣಗೆ ಕಾಣುವುದು ಅತ್ತೆ. ಅವುಗಳ ಅಂಚಿಗೆ ಹೋಗಿ ಮೌನ ಕಲಿತರು. ದಂಡೆಯಲ್ಲಿ ನಿಂತು ನೋಡಿದ ಕೆಲವರು ತಲೆ ಕೆಟ್ಟಿದೆ ಎಂದರು. ಸಿಪ್ರಿಯಾನೊ ರೇಡಿಯೋದಲ್ಲಿ, "ಅಕ್ಕಾ, ಎರಡು ದಿನ ಉಳಿದಿದೆ," ಎಂದು ನೆನಪಿಸಿದರು. "ಗೊತ್ತು. ನೀನು ಸುಮ್ನಿರು, ಕೇಳಿಸ್ಕೊಳ್ತಿದೀನಿ," ಎಂದು ಬಂತು ಉತ್ತರ.

ಮೂರನೇ ದಿನ ಮೂಡಣಕ್ಕೆ ಹೊರಟರು. ಎಲ್ಲಿಗೆಂದು ತೋಚದೆ ಬಯಲ ನಡುವೆ ನಿಂತಾಗ ನೆನಪಾದದ್ದು ಲಾಮಾಗಳು. ಅಪ್ಪನ ಸಾಲು ಎಂದೂ ನೆಟ್ಟಗೆ ನಡೆದದ್ದಿಲ್ಲ. ಬಿಲ್ಲಿನಂತೆ ಬಳಸಿ ಹೋಗುತ್ತಿತ್ತು. ಹತ್ತು ವರ್ಷದ ಹುಡುಗಿಗೆ ಕಾಲು ನೋಯುತ್ತಿತ್ತು, ಯಾಕೆ ಸುತ್ತು ಎಂದು ಗೊಣಗಿದ್ದಳು. ಅಪ್ಪ ಬೆಟ್ಟದ ಕಡೆ ಗದ್ದ ಚಾಚಿ ಹೇಳಿದ್ದರು: ತುನುಪಾದ ಎಡ ಭುಜ ಚರ್ಚಿನ ಗೋಪುರಕ್ಕೆ ಸರಿಯಾಗಿ ಬರುವವರೆಗೆ ನಡೆ, ಆಮೇಲೆ ದ್ವೀಪದ ಡುಬ್ಬದ ಕಡೆ ತಿರುಗು. ಸೆವೆರಿನಾ ಹಿಂದಕ್ಕೆ ತಿರುಗಿ ನೋಡಿದರು. ಭುಜ ಇನ್ನೂ ಗೋಪುರಕ್ಕೆ ಬಂದಿರಲಿಲ್ಲ. ಬರುವವರೆಗೆ ನಡೆದರು. ಹಾರೆ ಎತ್ತಿ ಬಿಟ್ಟರು.

ಟಣ್.

ಹತ್ತು ಹೆಜ್ಜೆಗೆ ಟಣ್. ಮತ್ತೆ ಹತ್ತಕ್ಕೆ ಟಣ್. ಲಾರಿಗಳು ಬಂದು ಎಲ್ಲರೂ ನೇರ ಓಡಿಸತೊಡಗಿದ ಮೇಲೆ ನಲವತ್ತು ವರ್ಷ ಯಾರೂ ತುಳಿಯದ ಲಾಮಾಗಳ ದಾರಿ ಅದು. ಎರಡು ಕಿಲೋಮೀಟರ್ ಸುತ್ತು, ಆದರೆ ಉದ್ದಕ್ಕೂ ಗಂಟೆ. ನಾಲ್ಕನೇ ದಿನ ಬೆಳಿಗ್ಗೆ ಅದನ್ನೇ ಮತ್ತೊಮ್ಮೆ ಮೊದಲಿನಿಂದ ತಟ್ಟಿಕೊಂಡು ಬಂದು, ಕರಿ ಕಲ್ಲುಗಳನ್ನು ಕೇಳಿದರು. ಚಾಲಕರು ದಂಡೆಯಿಂದ ಹೊತ್ತು ತಂದರು. ಜೀಪಿನಲ್ಲಿ ಹೇರಲು ಇನ್ನೂ ಧೈರ್ಯವಿರಲಿಲ್ಲ, ಬೆನ್ನ ಮೇಲೆಯೇ ತಂದರು. ನರ್ಸಮ್ಮ ಎಂದು ಕೂಗಿದವರೂ ಆ ಸಾಲಿನಲ್ಲಿ ಇದ್ದರು.

ಆ ಮಧ್ಯಾಹ್ನ ಉಳಿದಿದ್ದ ಪ್ರವಾಸಿಗರನ್ನು ಹೊತ್ತ ಐದು ಜೀಪುಗಳು ಉಪ್ಪಿಗಿಳಿದವು. ಮುಂದಿನ ಜೀಪು ರೆಂಬೆರ್ತೊ ಅವರದು. ಅದರ ಮುಂದೆ ಹಾರೆ ಹೆಗಲಿಗಿಟ್ಟುಕೊಂಡು ಸೆವೆರಿನಾ. ಹನ್ನೊಂದು ಕಿಲೋಮೀಟರ್, ಅವರ ನಡಿಗೆಯ ವೇಗದಲ್ಲಿ, ಐದು ಇಂಜಿನ್‌ಗಳು ಮದುವಣಗಿತ್ತಿಯ ಹಿಂದಿನ ಬಂಧುಗಳಂತೆ ಮೆಲ್ಲಗೆ ಬಂದವು. ಯಾರೂ ಹಾರ್ನ್ ಬಾರಿಸಲಿಲ್ಲ.

ಸಂಜೆ ಮನೆಗೆ ಬಂದಾಗ ಎಕ್ಸಾಲ್ತಾ ಬಟ್ಟಲು ಹಿಡಿದು ಬಾಗಿಲಲ್ಲಿ ಕಾದಿದ್ದರು. ತಪ್ಪಾಯಿತು ಎನ್ನಲಿಲ್ಲ. ಈ ಊರಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. "ಬಿಸಿ ಇದೆ, ಕುಡಿ. ಉಪ್ಪು ಕಮ್ಮಿ ಹಾಕಿದೀನಿ. ನಿಂಗೆ ಅಲ್ಲೇ ಬೇಕಾದಷ್ಟು ಸಿಗುತ್ತಲ್ಲ," ಎಂದರು.

ಈ ಮಳೆಗಾಲದಲ್ಲಿ, ಒಂಬತ್ತರಿಂದ ಹನ್ನೊಂದು ಕಿಲೋಮೀಟರಿಗೆ ಬೆಳೆದ ಬೆಳಗಿನ ನಡಿಗೆಗೆ ಅದೇ ಎಕ್ಸಾಲ್ತಾ ಜೊತೆಯಾಗಿದ್ದಾರೆ. ನಲವತ್ತಾರರ ಹೆಂಗಸಿಗೆ ಸೆವೆರಿನಾ ಕಣ್ಣಿಗೆ ಬಟ್ಟೆ ಕಟ್ಟಿ ಹಾರೆ ಕೊಡುತ್ತಾರೆ. ತಪ್ಪು ಹೇಳಿದವರು ಅವತ್ತು ಕಲ್ಲು ಹೊರಬೇಕು. "ಮೂರು ವಾರದಿಂದ ಕತ್ತೆ ಥರ ಹೊರ್ತಿದೀನಿ," ಎಂದು ಎಕ್ಸಾಲ್ತಾ ದೂರುತ್ತಾರೆ. "ಮೊನ್ನೆಯಿಂದ ನಾಲ್ಕೇ ಕಲ್ಲು," ಎಂದು ಸೆವೆರಿನಾ ತಿದ್ದುತ್ತಾರೆ. ಮೆಚ್ಚುಗೆ ಎಂದರೆ ಅವರಲ್ಲಿ ಇಷ್ಟೇ.

ಮುಂದೆ ಏನು ಬೇಕು ಎಂದರೆ ಯೋಚಿಸಲು ಸಮಯ ತೆಗೆದುಕೊಳ್ಳುತ್ತಾರೆ. ದ್ವೀಪದ ಕಳ್ಳಿಗಳು ಹೂ ಬಿಟ್ಟಾಗ ಒಮ್ಮೆ ಮೇಲೆ ಹತ್ತಿ ನೋಡಬೇಕು ಎನ್ನುತ್ತಾರೆ. ಇಷ್ಟು ವರ್ಷ ಅಲ್ಲಿಗೆ ದಾರಿ ಮಾಡಿಕೊಟ್ಟದ್ದೇ ಆಯಿತು, ಹತ್ತಿದ್ದಿಲ್ಲ. ಹೆಸರು ಯಾರಿಗೂ ಗೊತ್ತಿಲ್ಲವಲ್ಲ ಎಂಬ ಮಾತಿಗೆ ಭುಜ ಕುಣಿಸುತ್ತಾರೆ. "ಏನೂ ಆಗ್ಲಿಲ್ಲ ಅಂದ್ರೆ ಯಾರು ಬರೀತಾರೆ? ಏನೂ ಆಗ್ದೇ ಇರೋದೇ ನನ್ನ ಕೆಲಸ."

ಸಂಜೆ ನಾಲ್ಕರ ಸುಮಾರಿಗೆ ಅವರು ಮತ್ತೆ ದಂಡೆಗೆ ಬಂದು ನಿಲ್ಲುತ್ತಾರೆ. ಬೆಳಿಗ್ಗೆ ಎಷ್ಟು ಜೀಪು ಹೋದವು, ಎಷ್ಟು ಬಂದವು ಎಂದು ಎಣಿಸದೆ ಒಳಗೆ ಹೋದದ್ದಿಲ್ಲ. ಇವತ್ತು ಹೋದದ್ದು ಎಂಟು. ದೂರದಲ್ಲಿ ಕರಿ ಚುಕ್ಕೆಗಳು ನೀರಿನ ಮೇಲೆ ತಲೆಕೆಳಗಾಗಿ, ಆಮೇಲೆ ನೆಟ್ಟಗಾಗಿ, ಬಿಲ್ಲಿನ ದಾರಿ ಹಿಡಿದು ಒಂದೊಂದಾಗಿ ಬರುತ್ತವೆ. ಆರು, ಏಳು. ಎಂಟನೆಯದು ಅವರನ್ನು ದಾಟುವಾಗ ನಿಧಾನವಾಗುತ್ತದೆ. ಬಿಸಿಲಿಗೆ ಕೆಂಪಾದ ಮುಖಗಳು ಹಿಂದಿನ ಸೀಟಿನಲ್ಲಿ ಒಂದರ ಹೆಗಲ ಮೇಲೊಂದು ವಾಲಿಕೊಂಡಿವೆ. ಒಬ್ಬಾತ ಕಿಟಕಿ ಗಾಜಿಗೆ ಕೆನ್ನೆಯೊತ್ತಿ ಬಾಯಿ ತೆರೆದು ಮಲಗಿದ್ದಾನೆ, ಗಾಜಿನ ಮೇಲೆ ಉಸಿರಿನ ಮಂಜು.

ಸೆವೆರಿನಾ ಮುಸುಕನ್ನು ಗದ್ದಕ್ಕಿಳಿಸಿ ಎಕ್ಸಾಲ್ತಾಗೆ ತೋರಿಸುತ್ತಾರೆ.

"ನೋಡು, ಹೇಗೆ ಮಲಗಿದಾರೆ. ನಲವತ್ತು ಕಿಲೋಮೀಟರ್ ನೀರಿನ ಮೇಲೆ ಬಂದೋರು! ಆ ನಿದ್ದೆ ಇದೆಯಲ್ಲ, ಅದು ನಾವು ಮಾಡಿದ್ದು."